ಎರಡು ಟ್ಯೂಬು ರಕ್ತ

ನಿಟುವಳ್ಳಿಯ ಎರಡು ತೋಳು ಇವತ್ತು ನನ್ನ ಮೇಜಿನ ಮೇಲೆ.
ಒಂದು ರುದ್ರೇಶಂದು: ಬೆರಳ ತುದಿಯಿಂದ ಮುಂಗೈವರೆಗೆ
ನಡುವೆ ಕುಳಿಬಿದ್ದ ಗುಳ್ಳೆ, ಕಂಕುಳಲ್ಲಿ ಗಡ್ಡೆ, ಸುಡುವ ಜ್ವರ.
ಇನ್ನೊಂದು ಅವನ ಅಜ್ಜಿ ಕೊಟ್ರವ್ವಂದು: ಒಣಗಿದ ಬಾರೆಹಣ್ಣಿನ ಸುಕ್ಕು,
ಮೇಲ್ಗಡೆ ನಾಕಾಣೆ ಅಗಲದ ಕಲೆ.

ಎಮ್ಮೆ ಒಂದೇ. ಕೆಚ್ಚಲಿನ ಹುಣ್ಣೂ ಒಂದೇ.
ಬೆಳಿಗ್ಗೆ ಅವನು ಕರೆದ, ಸಂಜೆ ಇವಳು ಕರೆದಳು.
"ಅವಂಗೆ ಅಷ್ಟು ಬಂತು, ನಂಗೇನೂ ಆಗ್ಲಿಲ್ಲ ನೋಡವ್ವ,
ದೇವಿ ಹಾಕಿಸ್ಕಂಡಾಕಿ ನಾನು," ಅಂದಳು,
ಜಂಬಕ್ಕಲ್ಲ, ಏನೋ ತಪ್ಪು ಮಾಡಿದವಳ ಹಾಗೆ.

ಎರಡನೇ ಕ್ಲಾಸಂತೆ. ದೇವಿ ಡಾಕ್ಟ್ರು ಬಂದ್ರು ಅಂತ
ಹುಡುಗರೆಲ್ಲ ಕಿಟಕಿ ಹಾರಿ ಹತ್ತಿ ಮಂಡಿ ಕಡೆ ಓಡಿದರು.
ಇವಳ ಲಂಗ ಚಿಲಕಕ್ಕೆ ಸಿಕ್ಕಿತು.
ಅಷ್ಟೇ.
ಅರವತ್ತು ವರ್ಷದ ಕಾವಲು
ಒಂದು ಚಿಲಕದಿಂದ ಶುರು.

ನಮ್ಮ ಡಾಕ್ಟರು ಪಾಠ ಹೇಳುವಾಗ ಕೋಟೆ ಅನ್ನುತ್ತಾರೆ,
ಚಿತ್ರದುರ್ಗದ ಏಳು ಸುತ್ತು, ಬುರುಜು, ಕಿಂಡಿ.
ನನಗೆ ಒಪ್ಪಿಗೆಯಿಲ್ಲ. ನಾನು ಮಿಲ್ ಕಾರ್ಮಿಕನ ಮಗಳು,
ನನಗೆ ಕಾಣುವುದು ಪಾಳಿ.

ಟಿ ಕೋಶಕ್ಕೆ ವೈರಾಣು ನೇರವಾಗಿ ಕಾಣುವುದಿಲ್ಲ.
ಒಳಗೆ ನಡೆಯುತ್ತಿರುವುದರ ಒಂದು ಚೂರನ್ನು
ಯಾರಾದರೂ ಹೊಸ್ತಿಲಿಗೆ ತಂದು ಹಿಡಿಯಬೇಕು,
ಮೊರದ ತುದಿಯಲ್ಲಿ ಕಲ್ಲು ತೋರಿಸುವ ಹಾಗೆ.
ಸಿಡುಬಿನ ವಂಶದ ಕೆಲವು ಕಿಲಾಡಿಗಳು
ಆ ಮೊರವನ್ನೇ ಒಳಗೆಳೆದು ಬಾಗಿಲು ಹಾಕುತ್ತವೆ.
ಆದರೂ ಸುದ್ದಿ ಸೋರುತ್ತದೆ, ಕಂಕುಳ ಗಂಟು ಮುಟ್ಟುತ್ತದೆ.
ಅಲ್ಲಿ ಲಕ್ಷದಲ್ಲೊಂದು ಕೋಶ,
ಆ ಚೂರಿಗೆಂದೇ ಹುಟ್ಟಿದ್ದು,
ಹಾದುಹೋಗುತ್ತಿದ್ದದ್ದು, ನಿಲ್ಲುತ್ತದೆ.

ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ,
ಕಾದ ಮರಳಿಗೆ ಅಕ್ಕಿ ಬಿದ್ದ ಗಳಿಗೆ?
ವಾರದೊಳಗೆ ಮೂರೂ ಪಾಳಿ ತುಂಬಿದ ಮಿಲ್ಲು.
ಸೋಂಕಿದ ಮನೆ ಹುಡುಕಿ ಕೆಡವುತ್ತಾ ಹೋಗುತ್ತವೆ.
ಕೆಡವುವುದು ನಮ್ಮದೇ ಮನೆಗಳನ್ನು.
ರುದ್ರೇಶನ ನೋವಿನಲ್ಲಿ ಅದರದ್ದೂ ಪಾಲಿದೆ.

ಕೆಲಸ ಮುಗಿದ ಮೇಲೆ ಏನಾಗುತ್ತದೆ ಅಂತ
ನಮ್ಮಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.
ನೂರಕ್ಕೆ ತೊಂಬತ್ತು ಸಾಯುತ್ತವೆ.
ಗೇಟಿಗೆ ನೋಟಿಸು ಕೂಡ ಅಂಟಿಸುವುದಿಲ್ಲ.
ಉಳಿದವು
ಸೈರನ್ ನಿಂತ ಊರಲ್ಲಿ ಐದೂವರೆಗೆ ಎದ್ದು
ಬುತ್ತಿ ಡಬ್ಬಿ ತೊಳೆದಿಟ್ಟುಕೊಂಡು ಕೂರುತ್ತವೆ.
ಕೆಲವು ಚರ್ಮದಲ್ಲೇ ಬಿಡಾರ ಹೂಡಿ ಎಲ್ಲಿಗೂ ಹೋಗುವುದಿಲ್ಲ.
ಹತ್ತು ಹನ್ನೆರಡು ವರ್ಷಕ್ಕೆ ಅರ್ಧ ಕರಗುತ್ತವೆ,
ಮತ್ತೆ ಅರ್ಧ, ಅದರರ್ಧ.
ಅಜ್ಜಿಯಲ್ಲಿ ಮೂವತ್ತೆರಡಕ್ಕೆ ಒಂದು ಉಳಿದೀತು
ಅಂತ ಪೆನ್ಸಿಲಿನಲ್ಲಿ ಗೀಚಿಟ್ಟಿದ್ದೆ.

ಯಂತ್ರ ಮರುದಿನ ಸಂಜೆ ಚುಕ್ಕಿ ಎಣಿಸಿ ಕೊಟ್ಟಿತು.
ರುದ್ರೇಶನ ಪರದೆ ತುಂಬ ಹೊಸಬರು, ಗುರುತು ಚೀಟಿಯ ಮಸಿ ಆರದವರು.
ಕೊಟ್ರವ್ವನ ಮೂಲೆಯಲ್ಲಿ
ನನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು.
ಎಮ್ಮೆ ಮುಟ್ಟಿದಾಗಲೇ ಹಳಬರು ಎದ್ದಿದ್ದಾರೆ,
ಗುಳ್ಳೆ ಮೇಲೇಳುವ ಮೊದಲೇ ಮುಗಿಸಿದ್ದಾರೆ,
ಈಗ ಒಬ್ಬೊಬ್ಬರೇ ಕರಗುತ್ತಿದ್ದಾರೆ.
(ಪ್ರತಿಕಾಯಗಳೂ ದುಡಿದಿರಬೇಕು. ಅದು ಪಕ್ಕದ ಕೋಣೆಯವರ ಖಾತೆ,
ಅವರನ್ನೇ ಕೇಳಿ.)

ವರದಿ ಒಯ್ಯಲು ಬಂದ ಅಜ್ಜಿ ಕಾಗದ ತಿರುಗಿಸಿ ನೋಡಿ ಕೇಳಿದಳು:
"ನನ್ನವು ಒಂದಿಷ್ಟು ಅವಂಗೆ ಕೊಡಾಕೆ ಬರ್ತೈತೇನು?"

ಬರಲ್ಲ ಅಜ್ಜಿ. ನಿಮ್ಮವು ಅವನಲ್ಲಿ ಹೊರಗಿನವರು.
ಅವನವು ಅವನಿಗೆ ಆಗ್ತಾ ಇವೆ.
ಇನ್ನೈವತ್ತು ವರ್ಷ ಬಿಟ್ಟು, ಯಾವುದೋ ಎಮ್ಮೆ, ಯಾವುದೋ ಕೆಚ್ಚಲು,
ಆಗ ಏಳುತ್ತವೆ.

"ಹಂಗಾರೆ ಅಲ್ಲೀಮಟ ನಾನೇ ಕರೀತೀನಿ ಬಿಡು,"
ಅಂದು ಸೆರಗಲ್ಲಿ ಕಲೆ ಮುಚ್ಚಿಕೊಂಡು ಹೋದಳು.
ನನ್ನ ತೋಳು ಮುಟ್ಟಿ ನೋಡಿಕೊಂಡೆ. ಎಂಬತ್ತನಾಲ್ಕರಲ್ಲಿ ಹುಟ್ಟಿದವಳು.
ನುಣ್ಣಗಿದೆ.